ಸೀಮೆ ಸಿದ್ದರಾಜು ಕಟ್ಟಿದ ಟ್ರಂಕು

ಚೂಡಾಮಣಿಯ ಅಡುಗೆಮನೆಯ ಗೂಡಿನಲ್ಲಿದ್ದ ಡಬ್ಬಗಳ ಮುಚ್ಚಳಕ್ಕೆಲ್ಲ ಒಂದೊಂದು ಎಳೆ ಬಿಳಿಯ ದಾರ ಕಟ್ಟಿರುತ್ತಿತ್ತು. ಯಾರಾದರೂ ಮುಚ್ಚಳ ತೆಗೆದರೆ ದಾರ ಕಡಿಯುತ್ತದೆ, ಕಡಿದರೆ ಅವಳಿಗೆ ತಿಳಿಯುತ್ತದೆ. ತಮ್ಮ ಕೃಷ್ಣಸ್ವಾಮಿಯ ಹೆಂಡತಿ ರಮಾಮಣಿ ಮದುವೆಯಾಗಿ ಮೈಸೂರಿನ ಯಾದವಗಿರಿಯ ಆ ಮನೆಗೆ ಬಂದ ಹೊಸದರಲ್ಲಿ ಅದನ್ನು ಏನೋ ವ್ರತದ ದಾರವೆಂದುಕೊಂಡು ಒಂದೊಂದಕ್ಕೂ ಕುಂಕುಮ ಹಚ್ಚಿ ಕೈಮುಗಿದಿದ್ದಳು. ನಿಜ ಗೊತ್ತಾದ ಮೇಲೆ ವಾರವೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದಳು. ಆಮೇಲೆ ಅವಳಿಗೂ ರೂಢಿಯಾಯಿತು.

ಹಾಲಿನವನು ಎದುರಿಗೇ ಹಸು ನಿಲ್ಲಿಸಿ ಕರೆದುಕೊಟ್ಟ ಹಾಲನ್ನೂ ಚೂಡಾಮಣಿ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುವಳು. ಕೊತ್ತಂಬರಿ ಕಟ್ಟನ್ನು ಬಿಚ್ಚಿ ನಡುವೆ ಹುಲ್ಲಿದೆಯೇ ಎಂದು ನೋಡುವಳು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಜಗ್ಗುವಳು.

ಹುಟ್ಟುವಾಗಲೇ ಹೀಗಿದ್ದವಳಲ್ಲ. ಹದಿನಾರು ತುಂಬುವ ಮೊದಲು ಅವಳ ಮದುವೆಯಾಯಿತು. ಧಾರೆಯ ಹೊತ್ತಿನಲ್ಲಿ ಹುಡುಗ ಕೆಮ್ಮುತ್ತಿದ್ದ. “ರೈಲಿನ ಹೊಗೆ, ಸ್ವಲ್ಪ ನೆಗಡಿ ಅಷ್ಟೇ” ಎಂದು ಅವನ ಕಡೆಯವರು ಹೇಳಿದರು. ಇವಳ ಕಡೆಯವರು ನಂಬಿದರು. ಮರುವರ್ಷ ಮಾವು ಹೂ ಬಿಡುವ ಹೊತ್ತಿಗೆ ಆ ಕೆಮ್ಮು ನಿಂತಿತ್ತು, ಅವನೂ ಇರಲಿಲ್ಲ. ತೌರಿಗೆ ಹಿಂತಿರುಗಿದ ಹುಡುಗಿ ಓದಿದಳು, ಟ್ರೈನಿಂಗು ಮುಗಿಸಿದಳು, ಹೆಣ್ಣುಮಕ್ಕಳ ಮಿಡಲ್ ಸ್ಕೂಲಿನಲ್ಲಿ ಭೂಗೋಳದ ಉಪಾಧ್ಯಾಯಿನಿಯಾದಳು. ಅಲ್ಲಿಂದ ಈಚೆಗೆ ಯಾರ ಮಾತನ್ನೂ ಅವಳು ಹಾಗೆಯೇ ಒಳಗೆ ಬಿಟ್ಟುಕೊಂಡದ್ದಿಲ್ಲ.

ಆದರೆ ಪಾಠ ಮಾಡುವಾಗ ಮಾತ್ರ ಪುಸ್ತಕ ಹೇಳಿದ್ದನ್ನು ಹೇಳಲೇಬೇಕಲ್ಲ. ಇಟಲಿಯ ನಕ್ಷೆಯ ಮೇಲ್ಭಾಗದಲ್ಲಿ, ಸಮುದ್ರದ ಅಂಚಿಗೆ ಕೋಲು ಇಟ್ಟು ಪ್ರತಿವರ್ಷವೂ ಅವಳು ಹೇಳುತ್ತಿದ್ದಳು: “ಇದು ವೆನಿಸ್ ನಗರ. ಇಲ್ಲಿ ಬೀದಿಗಳೆಲ್ಲ ನೀರು.” ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಹಾಗಾದ್ರೆ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಎಲ್ಲಿ ಹಾಕ್ತಾರೆ ಟೀಚರ್?” ತರಗತಿಯೆಲ್ಲ ನಕ್ಕಿತು. ಚೂಡಾಮಣಿ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಮನೆಗಳ ಹೊಸ್ತಿಲನ್ನೂ ಅವುಗಳ ಮುಂದಿನ ಮಾಸಿದ ರಂಗೋಲಿಗಳನ್ನೂ ನೋಡುತ್ತ ಬಂದಳು. ಹೊಸ್ತಿಲು ದಾಟಿದರೆ ನೀರು. ಇದನ್ನು ಯಾರು ನೋಡಿದವರು? ತಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಸುಳ್ಳಾಗಿದ್ದರೆ?

ಈ ಅನುಮಾನ ಒಳಗೇ ಬೆಳೆಯಿತು. ೧೯೫೫ರಲ್ಲಿ ಮದರಾಸಿನ ಕೆಲವು ಉಪಾಧ್ಯಾಯಿನಿಯರು ಬೇಸಿಗೆ ರಜೆಯಲ್ಲಿ ಹಡಗು ಹತ್ತಿ ಇಟಲಿ ನೋಡಿಬರಲು ಹೊರಟಿದ್ದಾರೆ, ಒಂದು ಜಾಗ ಉಳಿದಿದೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದಾಗ, ತನ್ನ ಬಾಯಿಂದ “ನಾನು ಹೋಗ್ತೀನಿ” ಎಂಬ ಮಾತು ಬಂದದ್ದನ್ನು ಕೇಳಿ ಅವಳಿಗೇ ಬೆರಗಾಯಿತು. ಅಪ್ಪ ಅವಳ ಹೆಸರಿಗೆ ಬಿಟ್ಟುಹೋಗಿದ್ದ ನಿವೇಶನವನ್ನು ಮಾರಿದಳು. ಬೆಂಗಳೂರಿನಿಂದ ಪಾಸ್‌ಪೋರ್ಟು ಬಂತು. ಸಿಡುಬಿನ ಚುಚ್ಚುಮದ್ದು ಹಾಕಲು ಡಾಕ್ಟರು ಸೂಜಿ ಎತ್ತಿದಾಗ, “ಕುದಿಸಿದ್ದೀರಾ? ನನ್ನ ಕಣ್ಣೆದುರಿಗೆ ಇನ್ನೊಂದು ಸಲ ಕುದಿಸಿ” ಎಂದಳು.

ಮಿಕ್ಕ ತಯಾರಿ ಹೇಗೆ ಎಂಬುದೇ ತಿಳಿಯದಾಯಿತು. ಅಲ್ಲಿ ಏನು ಉಡುವುದು, ಏನು ತಿನ್ನುವುದು, ಎಲ್ಲಿ ಮಲಗುವುದು? ಸಂಬಂಧಿಕರಲ್ಲಿ ಕಾಶಿ, ರಾಮೇಶ್ವರ ಕಂಡವರಿದ್ದರು, ಕಡಲು ದಾಟಿದವರಿರಲಿಲ್ಲ. ಆಗ ಕೃಷ್ಣಸ್ವಾಮಿಯೇ ನೆನಪು ಮಾಡಿದ: “ಸೀಮೆ ಸಿದ್ದರಾಜು ಇದ್ದಾನಲ್ಲ ಅಕ್ಕ, ಕುಂಬಾರಕೊಪ್ಪಲಿನಲ್ಲಿ. ಓದೋಕೆ ಹೊರದೇಶಕ್ಕೆ ಹೋಗೋ ಹುಡುಗರೆಲ್ಲ ಅವನ ಹತ್ರಾನೇ ಟೈ ಕಟ್ಟೋದು ಕಲಿಯೋದು.”

“ಅವನು ಕಂಡಿರೋ ಸೀಮೆ ಶ್ರೀರಂಗಪಟ್ಟಣ” ಎಂದಳು ರಮಾಮಣಿ ಒಳಗಿನಿಂದ.

ಸಿದ್ದರಾಜು ಅರಮನೆಗೆ ನೆಂಟರಾದ ಅರಸು ಮನೆತನವೊಂದರಲ್ಲಿ ಉಡುಪಿನ ಉಸ್ತುವಾರಿಯ ಆಳಾಗಿದ್ದವನು. ಯುದ್ಧಕ್ಕೆ ಮುಂಚೆ ಆ ಮನೆಯ ದೊರೆಗಳು ಯೂರೋಪಿಗೆ ಹೋದಾಗ ಜೊತೆಗೆ ಹೋಗಿದ್ದನಂತೆ. ಅರವತ್ತರ ಆಸುಪಾಸು. ಮಂಡಿಯವರೆಗೆ ಬರುವ ಹಳೆಯ ಕರಿಯ ಕೋಟು, ಕೆಳಗೆ ಪಂಚೆ, ತಲೆಗೆ ಒತ್ತಾಗಿ ಸುತ್ತಿದ ರುಮಾಲು. ಬಂದವನು ಜಗಲಿಯ ಮೇಲೆ ಕೂರಲಿಲ್ಲ. ಮೊದಲು ಚೂಡಾಮಣಿಯ ಕಾಲು ನೋಡಿದ.

“ಮೊದ್ಲು ಈ ಪಾದಕ್ಕೆ ಬೂಟು ಹಾಕ್ಸಿ ತಾಯಿ. ಅಲ್ಲಿ ಚಳಿ ಏರಾದು ಕಾಲಿಂದ್ಲೇಯ.”

ಚೂಡಾಮಣಿ ತಯಾರಾಗಿ ಕೂತಿದ್ದಳು. ಇವನನ್ನು ಹಿಡಿಯುವ ಪ್ರಶ್ನೆ ಅವಳ ಬಳಿ ಇತ್ತು.

“ವೆನಿಸಿಗೆ ಹೋಗಿದ್ದಿರಾ?”

“ಊಂ ತಾಯಿ.”

“ಸ್ಟೇಷನ್ನಿಂದ ಬಿಡಾರಕ್ಕೆ ಜಟಕಾದಲ್ಲಿ ಹೋದಿರೋ, ಮೋಟಾರಿನಲ್ಲೋ?”

ಸಿದ್ದರಾಜು ಅವಳನ್ನು ಕನಿಕರದಿಂದ ನೋಡಿದ. “ಅಲ್ಲೆಲ್ಲಿ ಜಟಕ ತಾಯಿ? ದೋಣಿ. ಟ್ರಂಕಿನ ತಳವೆಲ್ಲ ತ್ಯಾವ ಆಗಿತ್ತು. ಬೂಟಿನ ಅಂಚಿಗೆ ಅಸುರು ಪಾಚಿ. ಉಜ್ಜೀ ಉಜ್ಜೀ ಸಾಕಾಯ್ತು.”

ಹಿಡಿಯಲು ಹೋದವಳಿಗೆ ಏನೂ ಸಿಗಲಿಲ್ಲ. ಬದಲಿಗೆ ಎದೆಯೊಳಗೆ ಏನೋ ತಣ್ಣಗೆ ಹರಿದಂತಾಯಿತು. ಹಾಗಾದರೆ ನೀರು ನಿಜ.

ಅಂದಿನಿಂದ ಸಂಜೆಯ ಪಾಠ ಶುರುವಾಯಿತು. ಸೀರೆಯ ಕೆಳಗೆ ಕಾಲುಚೀಲ, ಬೂಟು ಹಾಕಿಕೊಂಡು ಚೂಡಾಮಣಿ ಬೇಲಿಯ ಉದ್ದಕ್ಕೂ ನಡೆದಳು. ಎದುರುಮನೆಯ ಮಕ್ಕಳು ಗೇಟಿನ ಮೇಲೆ ಹತ್ತಿ ಕೂತು ನೋಡಿದರು. ಬೇಯಿಸಿದ ಬಾಳೆಕಾಯಿಯನ್ನು ತಟ್ಟೆಯಲ್ಲಿಟ್ಟು ಚಾಕು, ಮುಳ್ಳುಚಮಚದಲ್ಲಿ ಕತ್ತರಿಸುವ ಅಭ್ಯಾಸ ನಡೆಯಿತು. ಒಂದು ತುಂಡು ಹಾರಿ ರಮಾಮಣಿಯ ಮಡಿಲಿಗೆ ಬಿತ್ತು.

“ಅಲ್ಲಿನ ಜನದ ಮೇಲೆ ಹೀಗೇ ಎಸೀತೀರಾ ಚೂಡಕ್ಕ? ದೇಶದ ಮರ್ಯಾದೆ ಉಳಿದ ಹಾಗೇ” ಎಂದು ಅವಳು ನಕ್ಕಳು.

ಕೃಷ್ಣಸ್ವಾಮಿಯ ಹಳೆಯ ಉಣ್ಣೆಯ ಕೋಟನ್ನು ದರ್ಜಿ ಬಿಚ್ಚಿ ಅವಳ ಅಳತೆಗೆ ಹೊಲಿದ. ಮೆಂತ್ಯದ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ತಯಾರಾದವು. ಪ್ರತಿ ಡಬ್ಬಕ್ಕೂ ದಾರ ಬಿತ್ತು. “ತಂಬಿಗೆ ಮರೀಬ್ಯಾಡಿ ತಾಯಿ” ಎಂದು ಸಿದ್ದರಾಜು ಮುಖ ಅತ್ತ ತಿರುಗಿಸಿಕೊಂಡು ಹೇಳಿದ. ಅದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಕೆಲವು ಮಾತು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿ ಮಲಗುವ ಮುಂಚೆ ಬೂಟುಗಳನ್ನು ಕೋಣೆಯ ಬಾಗಿಲ ಹೊರಗೆ ಬಿಡಬೇಕು ಎಂದ ಸಿದ್ದರಾಜು.

“ಹೊರಗೆ ಬಿಟ್ಟರೆ ಬೆಳಿಗ್ಗೆ ಇರುತ್ತವೆಯೇ?”

“ಇರ್ತವೆ. ಹೊಳೀತಾ ಇರ್ತವೆ.”

“ನಮ್ಮ ದೇವಸ್ಥಾನದ ಮುಂದೆಯೇ ಇರೋದಿಲ್ಲ.”

ಊಟದ ಮೇಜಿಗೆ ಬಿಳಿಯ ಗ್ಲೌಸು ಇಲ್ಲದೆ ಹೋದರೆ ಯಾರೂ ಮಾತಾಡಿಸುವುದಿಲ್ಲ ಎಂದ. ಕಾಫಿಗೆ ಸಕ್ಕರೆ ಅಲ್ಲಿ ಕೊಡುವುದಿಲ್ಲ, ನಾವೇ ಜೇಬಿನಲ್ಲಿಟ್ಟುಕೊಂಡು ಹೋಗಬೇಕು ಎಂದ. ಚೂಡಾಮಣಿ ಒಂದನ್ನು ಗಮನಿಸುತ್ತಿದ್ದಳು. ಅವನ ಮಾತೆಲ್ಲ ಕೋಟು, ಬೂಟು, ಟ್ರಂಕುಗಳ ಸುತ್ತಲೇ ಇರುತ್ತಿತ್ತು. ‘ನಾನು ನಿಂತಿದ್ದೆ’, ‘ನಾನು ನೋಡಿದೆ’ ಎಂಬುದು ಅದರಲ್ಲಿ ಬರುತ್ತಲೇ ಇರಲಿಲ್ಲ. ಡಬ್ಬದ ದಾರ ಸಡಿಲವಾದಾಗ ಆಗುವಂತೆ ಅವಳ ಬೆರಳುಗಳು ಚುಳುಕ್ಕೆನ್ನುತ್ತಿದ್ದವು.

“ಅದ್ಯಾವ ಊರಲ್ಲಿ ಸಕ್ಕರೆ ಕೊಡೋದಿಲ್ಲ?” ಎಂದು ಒಂದು ಸಂಜೆ ಕೇಳಿಯೇ ಬಿಟ್ಟಳು. “ನೀವು ಹೇಳಿದರೆ ಆಯಿತೇ?”

ಸಿದ್ದರಾಜುವಿಗೆ ಸಿಟ್ಟು ಬಂತು. ಕೋಟಿನ ಒಳಜೇಬಿಗೆ ಕೈಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೆ ಹಳದಿಗಟ್ಟಿದ ಕಾಗದದಲ್ಲಿ ಸುತ್ತಿದ ಒಂದು ಸಕ್ಕರೆ ಬಿಲ್ಲೆ. “ನೋಡಿ. ನಮ್ಮ ದೊರೆಗೋಳ ಕೋಟಿನ ಜೇಬಲ್ಲಿ ಇದ್ದದ್ದು. ಎಲ್ಲಾ ಕೋಟಲ್ಲೂ ಇದ್ದೊ. ಕೊಡೋ ಊರಾಗಿದ್ರೆ ದೊರೆಗೋಳ್ಯಾಕೆ ಜೇಬಲ್ಲಿ ಮಡಿಕ್ಕೊತಿದ್ರು?”

ಚೂಡಾಮಣಿ ಅದನ್ನು ಬೆಳಕಿಗೆ ಹಿಡಿದಳು. ಕಾಗದದ ನಡುವೆ ಒಂದು ಉದ್ದನೆಯ ದೋಣಿಯ ಚಿತ್ರ. ಸುತ್ತ ಮಾಸಿದ ಇಂಗ್ಲಿಷ್ ಅಕ್ಷರ. ಬಹಳಷ್ಟು ಅಳಿಸಿದ್ದರೂ ‘ಹೋಟೆಲ್’ ಎಂಬುದು ಚೆನ್ನಾಗಿಯೇ ಕಾಣುತ್ತಿತ್ತು. ಹೋಟೆಲಿನವರು ತಮ್ಮ ಹೆಸರು ಅಚ್ಚು ಹಾಕಿಸಿ ಕೊಟ್ಟ ಸಕ್ಕರೆ. ಬೇಕಾದಷ್ಟು ಕೊಟ್ಟಿದ್ದಾರೆ, ಉಳಿದದ್ದು ಜೇಬು ಸೇರಿದೆ. ಅಲ್ಲಿ ಒಂದು ದಿನ ಕೂತು ಕಾಫಿ ಕುಡಿದವನಿಗೂ ಇದು ತಿಳಿದಿರಬೇಕಿತ್ತು.

ಆ ಹೊತ್ತಿಗೆ ಬೀದಿಯಲ್ಲಿ ಒಂದು ಜಟಕಾ ಹೋಯಿತು. ಕುದುರೆಯ ಗೊರಸಿನ ಸದ್ದು, ಗಾಲಿ ಕಲ್ಲಿಗೆ ತಾಗಿದ ಸದ್ದು, ಗಾಡಿಯವನು ನಾಲಿಗೆ ಲೊಚಗುಟ್ಟಿದ ಸದ್ದು. ಎಲ್ಲವೂ ತಿರುವಿನಲ್ಲಿ ಕರಗುವ ತನಕ ಅವಳು ಕಿವಿಗೊಟ್ಟು ಕೇಳಿದಳು.

“ಸಿದ್ದರಾಜು, ಆ ಊರಲ್ಲಿ ಗಾಡಿ ಇಲ್ಲ. ಕುದುರೆ ಇಲ್ಲ. ಬೆಳಿಗ್ಗೆ ಎದ್ದಾಗ ಏನು ಕೇಳಿಸುತ್ತೆ?”

ಅವನು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದ. ಕೋಟಿಗೆ ವಾಸನೆ ಅಂಟಿಕೊಂಡು ಬರುತ್ತದೆ, ಬೂಟಿಗೆ ಮಣ್ಣು ಅಂಟಿಕೊಂಡು ಬರುತ್ತದೆ. ಸದ್ದು ಯಾವುದಕ್ಕೂ ಅಂಟುವುದಿಲ್ಲ.

“ಕೇಳಿಲ್ಲ ತಾಯಿ” ಎಂದ ಕೊನೆಗೆ.

“ಹೋಗಿಯೇ ಇಲ್ಲ ಅನ್ನಿ.”

“ಬೊಂಬಾಯಿವರ್ಗೂ ಹೋಗಿದ್ದೆ.” ಅವನ ದನಿ ಚಿಕ್ಕದಾಗಿತ್ತು. “ಟ್ರಂಕುಗಳ್ನೆಲ್ಲ ಅಡಗು ಅತ್ತಿಸಿದೆ. ದೊರೆಗೋಳ ಕೋಣೇಲಿ ಜೋಡ್ಸಿದೆ. ಆಮೇಲೆ ‘ನೀನು ಇಳಿ’ ಅಂದ್ರು. ಇನ್ನೊಬ್ಬ ಆಳು ಇಂಗ್ಲಿಷ್ ಮಾತಾಡೋನು ಸಿಕ್ಕಿದ್ದ. ಇಳ್ದೆ. ಕುಂಬಾರಕೊಪ್ಪಲೋರು ಸ್ಟೇಷನ್‌ಗಂಟ ಬಂದು ಆರ ಆಕಿ ಕಳಿಸಿದ್ರು ನನ್ನ. ಯಾವ ಮೊಕ ಒತ್ಕೊಂಡು ವಾಪಸ್ ಬರ್ಲಿ? ನಂಜನಗೂಡಲ್ಲಿ ನಮ್ಮಕ್ಕನ ಮನೆ ಅಟ್ಟದ ಮ್ಯಾಲೆ ಕೂತ್ಬುಟ್ಟೆ, ದೊರೆಗೋಳು ಬರಗಂಟ.”

“ಆಮೇಲೆ?”

“ಆಮೇಲೆ ಟ್ರಂಕು ಬಂದೊ. ಬಿಚ್ಚಿದ್ದು ನಾನೇಯ. ಒಂದೊಂದು ಬಟ್ಟೆ ಕೊಡವಿದಾಗ್ಲೂ ಒಂದೊಂದು ಊರು ಬೀಳೋದು ತಾಯಿ.”

“ಇಷ್ಟು ದಿನ ನನ್ನ ಕೂರಿಸಿಕೊಂಡು ಸುಳ್ಳು ಹೇಳಿದಿರಿ.”

ಅವನು ತಲೆ ಎತ್ತಿದ. “ನೀವು ಮಕ್ಳಿಗೆ ಪಾಠ ಮಾಡ್ತೀರಲ್ಲಾ. ನೋಡ್ಕೊಂಡ್ ಬಂದು ಮಾಡ್ತಿದ್ರಾ?”

“ನಾಳೆಯಿಂದ ಬರಬೇಡಿ” ಎಂದು ಚೂಡಾಮಣಿ ಎದ್ದು ಒಳಗೆ ಹೋದಳು. ಸಕ್ಕರೆ ಬಿಲ್ಲೆ ಅವಳ ಕೈಯಲ್ಲೇ ಉಳಿದಿತ್ತು.

ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರಮಾಮಣಿ, “ನಾನು ಶ್ರೀರಂಗಪಟ್ಟಣ ಅಂದಿದ್ದೆ. ನಂಜನಗೂಡು ಅಂತ ಗೊತ್ತಿರಲಿಲ್ಲ” ಎಂದಳು. ಚೂಡಾಮಣಿಯ ಮುಖ ನೋಡಿ ನಗು ನಿಲ್ಲಿಸಿದಳು. “ಹೋಗೋದು ಬೇಡ ಬಿಡಿ ಚೂಡಕ್ಕ. ಗೊತ್ತಿಲ್ಲದ ಜನ, ಗೊತ್ತಿಲ್ಲದ ಊರು. ನಿಮಗೆ ನಮ್ಮ ಮನೆ ಉಪ್ಪಿನ ಡಬ್ಬದ ಮೇಲೇ ನಂಬಿಕೆ ಇಲ್ಲ.”

ಅದು ಕುಹಕವಾಗಿರಲಿಲ್ಲ. ಅದಕ್ಕೇ ಹೆಚ್ಚು ನೋಯಿತು. ಚೂಡಾಮಣಿ ಬೂಟುಗಳನ್ನು ಮಂಚದ ಕೆಳಗೆ ತಳ್ಳಿದಳು. ಮದರಾಸಿನವರಿಗೆ ಬರುವುದಿಲ್ಲವೆಂದು ತಂತಿ ಕೊಡಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದಳು. ಇನ್ನೊಂದು ಬೇಸಿಗೆಗೆ ತನಗೆ ಈ ಧೈರ್ಯ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಪರೀಕ್ಷೆಗೆ ಮುಂಚಿನ ಕೊನೆಯ ತರಗತಿ. ಯೂರೋಪಿನ ನಕ್ಷೆ ಗೋಡೆಯ ಮೇಲೆ ತೂಗುತ್ತಿತ್ತು. ಊರುಗಳನ್ನು ಒಂದೊಂದಾಗಿ ತೋರಿಸುತ್ತ ಬಂದ ಕೋಲು ಇಟಲಿಯ ಮೇಲ್ಭಾಗಕ್ಕೆ ಬಂತು. “ಇಲ್ಲಿ ಬೀದಿಗಳೆಲ್ಲ ನೀರು” ಎಂದಳು. ಆ ಧ್ವನಿ ತನ್ನದಲ್ಲವೆಂಬಂತೆ ಕೇಳಿಸಿತು. ಟ್ರಂಕಿನ ತಳ ಒದ್ದೆಯಾಗಿತ್ತು ಎಂದ ಧ್ವನಿಗೂ ಇದಕ್ಕೂ ಏನು ವ್ಯತ್ಯಾಸ? ಇದ್ದರೆ ಒಂದೇ. ಅವನು ಒದ್ದೆಯಾದ ತಳವನ್ನಾದರೂ ಕೈಯಿಂದ ಮುಟ್ಟಿದ್ದ. ಪಾಚಿಯನ್ನು ಉಜ್ಜಿದ್ದ. ದಾರ ಕಡಿದದ್ದನ್ನು ನೋಡಿ ಯಾರೋ ಮುಚ್ಚಳ ತೆಗೆದಿದ್ದಾರೆ ಎಂದು ತಾನು ಹೇಳುವ ಹಾಗೆಯೇ, ಅವನು ಒಂದು ಊರನ್ನು ಹೇಳಿದ್ದ.

ಶಾಲೆ ಬಿಟ್ಟ ಮೇಲೆ ಅವಳು ತಂತಿ ಕಚೇರಿಯ ದಾರಿ ಹಿಡಿಯಲಿಲ್ಲ. ಕುಂಬಾರಕೊಪ್ಪಲಿಗೆ ನಡೆದಳು. ಸಿದ್ದರಾಜು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಯಾರದೋ ಚರ್ಮದ ಪಟ್ಟಿಗೆ ಎಣ್ಣೆ ಸವರುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅಕ್ಕಪಕ್ಕದ ಮನೆಯವರು ನೋಡುತ್ತಿದ್ದರು. ಅವನ ಕಣ್ಣುಗಳು ಅವರ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ಓಡಿದವು. ಅವಳು ಈಗ ಒಂದು ಮಾತು ಜೋರಾಗಿ ಆಡಿದರೆ ಅವನ ಸೀಮೆಯೆಲ್ಲ ಆ ಬೀದಿಯಲ್ಲೇ ಮುಗಿದುಹೋಗುತ್ತಿತ್ತು.

“ಬೂಟು ಹೊರಗಿಡಬೇಕು ಅಂದಿರಲ್ಲ” ಎಂದಳು ಮೆಲ್ಲಗೆ. “ಅದು ಹೇಗೆ ಗೊತ್ತಾಯಿತು?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ತಳದಲ್ಲಿ ಸೀಮೆಸುಣ್ಣದಲ್ಲಿ ನಂಬ್ರ ಬರ್ದಿತ್ತು ತಾಯಿ. ಒಂದೇ ಜೊತೆ ಬೂಟಿಗೆ ಎಲ್ಡು ಮೂರು ನಂಬ್ರ, ಒಂದರ ಮ್ಯಾಲೊಂದು. ಕೋಣೆ ನಂಬ್ರ ಅಲ್ದೆ ಇನ್ನೇನು? ಒತ್ಕೊಂಡೋಗಿ ಉಜ್ಜೋನಿಗೆ ಯಾವುದು ಯಾರ್ದು ಅಂತ ತಿಳೀಬೇಕಲ್ಲ. ನಮ್ಮ ಅಗಸ ಬಟ್ಟೆಗೆ ಗುರ್ತು ಆಕಕಿಲ್ವಾ, ಅಂಗೇ.”

ಚೂಡಾಮಣಿ ಕಟ್ಟೆಯ ಒಂದು ತುದಿಯಲ್ಲಿ ಕೂತಳು. “ಬಿಳಿ ಗ್ಲೌಸು?”

“ಪ್ರತಿ ಕೋಟಿನ ಜೇಬಲ್ಲೂ ಒಂದು ಜೊತೆ.”

“ಅದು ದೊರೆಗಳಿಗೆ. ಮಿಡಲ್ ಸ್ಕೂಲ್ ಟೀಚರಿಗೆ ಯಾರೂ ಕೇಳೋದಿಲ್ಲ. ಅದು ಬಿಡಿ. ಚಳಿ?”

“ಬ್ಯಾಸಗೇಲಿ ಓಗಿದ್ದು ಅವ್ರು. ಆದ್ರೂ ದಪ್ಪನೆ ಕೋಟಿನ ಕಾಲರ್ ಜಿಡ್ಡಾಗಿತ್ತು, ತೆಳ್ಳನೇದು ಮಡಿಕೆ ಸೈತ ಬಿಚ್ಚಿರ್ಲಿಲ್ಲ.”

ಒಂದೊಂದನ್ನೂ ಅವಳು ಹೀಗೆ ಕೇಳಿದಳು. ಹೇಗೆ ಗೊತ್ತು, ಎಲ್ಲಿ ನೋಡಿದಿರಿ, ಕಲೆ ಎಲ್ಲಿತ್ತು, ಎಷ್ಟು ಗಟ್ಟಿಯಾಗಿತ್ತು. ಮೊದಲು ಹೆದರುತ್ತ ಹೇಳಿದವನು ಆಮೇಲೆ ಕೈ ಆಡಿಸಿಕೊಂಡು ಹೇಳತೊಡಗಿದ. ಹೊಂದದ್ದನ್ನು ಅವಳು ತೆಗೆದುಹಾಕಿದಳು, ಹೊಂದಿದ್ದನ್ನು ಇಟ್ಟುಕೊಂಡಳು. ಬಿಸಿಲು ಇಳಿದು ಕುಂಬಾರರ ಮನೆಗಳ ಮುಂದೆ ಒಣಗಲಿಟ್ಟ ಮಡಕೆಗಳ ನೆರಳು ಉದ್ದವಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರ ಮಾತನ್ನು ತಾನು ಒಳಗೆ ಬಿಟ್ಟುಕೊಂಡಿದ್ದೇನೆ ಎಂಬುದು ಅವಳಿಗೆ ಏಳುವ ಹೊತ್ತಿಗೆ ತಿಳಿಯಿತು.

“ಟ್ರಂಕು ಕಟ್ಟೋಕೆ ಭಾನುವಾರ ಬನ್ನಿ” ಎಂದಳು.

“ಬರ್ತೀನಿ ತಾಯಿ.” ಚರ್ಮದ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು, “ಮನೇಲಿ ಅಮ್ಮಾವ್ರು ಏನಾದ್ರೂ…” ಎಂದ.

“ರಮಾಗೆ ನಾನು ಹೇಳ್ತೀನಿ. ಅವಳು ಯಾರ ಮುಂದೆಯೂ ಆಡೋದಿಲ್ಲ.” ಇಷ್ಟು ಹೇಳಿದವಳು, ಅದೂ ನಿಜವೇ ಎಂದು ದಾರಿಯಲ್ಲಿ ಯೋಚಿಸಿದಳು. ಮನೆಗೆ ಹೋಗಿ ರಮಾಮಣಿಯಿಂದ ದೇವರ ಮುಂದೆ ಆಣೆ ಇಡಿಸಿಕೊಂಡಳು.

ಭಾನುವಾರ ಸಿದ್ದರಾಜು ಟ್ರಂಕು ಕಟ್ಟಿದ ರೀತಿಯನ್ನು ರಮಾಮಣಿ ಕೂಡ ಬಾಯಿ ಮುಚ್ಚಿಕೊಂಡು ನೋಡಿದಳು. ಸೀರೆಗಳನ್ನು ಮಡಿಸಲಿಲ್ಲ, ಸುರುಳಿ ಸುತ್ತಿದ. ಡಬ್ಬಗಳ ಸಂದಿಗೆ ಕಾಲುಚೀಲ ತುರುಕಿದ. ಕೋಟಿನ ತೋಳುಗಳೊಳಗೆ ಹಳೆಯ ಪಂಚೆ ಹಾಕಿ ಒಳಗೊಬ್ಬ ಮನುಷ್ಯನಿದ್ದಾನೆ ಎನ್ನುವಂತೆ ಮಲಗಿಸಿದ. ತಂಬಿಗೆ ಒಂದು ಮೂಲೆಯಲ್ಲಿ ಕಾಣದ ಹಾಗೆ ಕೂತಿತು. ಅಲ್ಲಾಡಿಸಿದರೆ ಒಳಗಿನಿಂದ ಸದ್ದಿಲ್ಲ.

ಹೊರಡುವ ದಿನ ಮೈಸೂರು ಸ್ಟೇಷನ್ನಿಗೆ ಕೃಷ್ಣಸ್ವಾಮಿ, ರಮಾಮಣಿ ಬಂದರು. ಸಿದ್ದರಾಜು ಕೂಲಿಯವನಿಗೆ ಟ್ರಂಕು ಮುಟ್ಟಗೊಡದೆ ತಾನೇ ಹೊತ್ತು ತಂದು ಸೀಟಿನ ಕೆಳಗೆ ತಳ್ಳಿದ. ಬೆಂಗಳೂರಿನ ಗಾಡಿ. ಅಲ್ಲಿಂದ ಬೊಂಬಾಯಿ, ಬೊಂಬಾಯಿಯಲ್ಲಿ ಮದರಾಸಿನವರು, ಆಮೇಲೆ ಹಡಗು. ಅವನು ಬೊಂಬಾಯಿ ಎಂಬ ಮಾತು ಬಂದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದ.

ಚೂಡಾಮಣಿ ಬಗ್ಗಿ ಟ್ರಂಕಿನ ಬೀಗ ಜಗ್ಗಿದಳು. ಕೊಂಡಿಗೆ ಬಿಳಿಯ ದಾರ ಕಟ್ಟಿದ್ದಳು.

“ನನ್ ಮ್ಯಾಲೆ ಇನ್ನೂ ಅನುಮಾನನಾ ತಾಯಿ?” ಎಂದ ಸಿದ್ದರಾಜು ಕಿಟಕಿಯ ಹೊರಗಿನಿಂದ.

“ನಿಮ್ಮ ಮೇಲಲ್ಲ. ಎಲ್ಲರ ಮೇಲೂ.” ದಾರದ ಗಂಟನ್ನು ಬಿಗಿ ಮಾಡುತ್ತ ಹೇಳಿದಳು: “ವಾಪಸ್ ಬರುವಾಗಲೂ ದಾರ ಕಟ್ಟಿಕೊಂಡೇ ಬರ್ತೀನಿ. ಟ್ರಂಕು ಬಿಚ್ಚೋದು ನೀವೇ. ಬೂಟು ಒರೆಸೋದಿಲ್ಲ, ಹಾಗೇ ತರ್ತೀನಿ.”

ಅವನು ರುಮಾಲಿನ ಅಂಚನ್ನು ಸರಿ ಮಾಡಿಕೊಂಡ. ಗಾರ್ಡು ಸೀಟಿ ಊದಿದ.

“ಬೆಳಿಗ್ಗೆ ಏನು ಕೇಳಿಸುತ್ತೆ ಅಂತ ಬಂದು ಹೇಳ್ತೀನಿ” ಎಂದಳು ಅವಳು.

ಗಾಡಿ ಚಲಿಸಿತು. ಅವನು ಕಿಟಕಿಯ ಜೊತೆಗೆ ನಾಲ್ಕು ಹೆಜ್ಜೆ ಓಡಿದ. “ತಾಯಿ, ಸಕ್ಕರೆ? ಆ ಸಕ್ಕರೆ ಬ್ಯಾಡ ಅಂತ ತೆಗೆದ್ಬುಟ್ರಾ?”

ಚೂಡಾಮಣಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಅದರೊಳಗೆ, ಅವನ ಹಳೆಯ ಬಿಲ್ಲೆಯ ಪಕ್ಕದಲ್ಲಿ, ಬಿಗಿಯಾಗಿ ಕಟ್ಟಿದ ಒಂದು ದೊಡ್ಡ ಸಕ್ಕರೆ ಪೊಟ್ಟಣವಿತ್ತು.

“ಇಟ್ಟುಕೊಂಡಿದ್ದೀನಿ” ಎಂದು ಕೂಗಿದಳು. “ಹೋಟೆಲಿನವರನ್ನು ನಂಬೋದು ಹೇಗೆ?”